ಡಿಫ್ಲೇಟ್ ಬಿದ್ದರೆ ಮೊದಲು ಎಸ್‌ಬ್ರೇಕ್ ನೋಡಿ

ನೀವೇ ಬರೆಯುತ್ತಿರುವ ಓಎಸ್‌ನಲ್ಲಿ ನ್ಯೂಲಿಬ್ (ಸಿ ಲೈಬ್ರರಿ) ಕೂತಿದೆ, ಝಡ್‌ಲಿಬ್ (ಡೇಟಾ ಕುಗ್ಗಿಸುವ ಲೈಬ್ರರಿ) ಲಿಂಕ್ ಆಗಿದೆ, ಆದರೆ ಅದರ ಕುಗ್ಗಿಸುವ ಭಾಗವಾದ ಡಿಫ್ಲೇಟ್ ಅನ್ನು ಶುರುಮಾಡುವ ಡಿಫ್ಲೇಟ್‌ಇನಿಟ್ ಕರೆದ ತಕ್ಷಣ ಪೇಜ್ ಫಾಲ್ಟ್ (ನಿಜವಾದ ಮೆಮೊರಿಗೆ ಜೋಡಿಸದ, ಅಂದರೆ ಮ್ಯಾಪ್ ಆಗದ ವಿಳಾಸ ಮುಟ್ಟಿದಾಗಿನ ದೋಷ) ಅಂತ ಬರೆದಿದ್ದೀರಿ. ಪ್ರಿಂಟ್‌ಎಫ್, ಸಣ್ಣಪುಟ್ಟ ಮ್ಯಾಲಕ್ (ಮೆಮೊರಿ ಕೇಳುವ ಕರೆ) ಎಲ್ಲ ಸರಿಯಿದೆ ಅಂತಲೂ ಹೇಳಿದ್ದೀರಿ. ಹಾಗಿದ್ದರೆ ಝಡ್‌ಲಿಬ್ ಕೆದಕುವುದು ಬಿಡಿ. ನನ್ನ ಅನುಮಾನ ನಿಮ್ಮ ಎಸ್‌ಬ್ರೇಕ್ ಮೇಲೆ, ಅಂದರೆ ಮ್ಯಾಲಕ್‌ಗೆ ಮೆಮೊರಿ ಒದಗಿಸಲು ನೀವು ಬರೆದ ಫಂಕ್ಷನ್ ಮೇಲೆ.

ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಡಿಫ್ಲೇಟ್ ಸುಮಾರು 256 ಕೆಬಿ ಕೇಳುತ್ತದೆ. ಅಲ್ಲಿಯವರೆಗೆ ನಿಮ್ಮ ಪ್ರೋಗ್ರಾಂ ಕೇಳಿದ್ದು ಮೊದಲೇ ಮ್ಯಾಪ್ ಆಗಿದ್ದ ಒಂದೆರಡು ಪೇಜ್‌ನಲ್ಲೇ (ಮೆಮೊರಿಯ ತುಣುಕು) ಮುಗಿದಿರಬೇಕು, ಅದಕ್ಕೇ ತಪ್ಪು ಕಾಣಿಸಿಲ್ಲ. ಎಸ್‌ಬ್ರೇಕ್ ಹಿಂತಿರುಗಿಸಬೇಕಾದ್ದು ಹಳೆಯ ಬ್ರೇಕ್ (ಪ್ರೋಗ್ರಾಂಗೆ ಕೊಟ್ಟ ಮೆಮೊರಿ ಮುಗಿಯುವ ವಿಳಾಸ), ಹೊಸದಲ್ಲ. ನಾನೂ ಹೊಸದನ್ನೇ ಕೊಟ್ಟು ಎರಡು ರಾತ್ರಿ ಕಳೆದುಕೊಂಡವನೇ. ಮೆಮೊರಿ ಖಾಲಿಯಾದರೆ ಸೊನ್ನೆ ಕೊಡಬೇಡಿ, ಮೈನಸ್ 1 ಕೊಡಿ. ಸೊನ್ನೆ ಕೊಟ್ಟರೆ ಮ್ಯಾಲಕ್ ಅದನ್ನೂ ಒಂದು ವಿಳಾಸ ಅಂದುಕೊಳ್ಳುತ್ತದೆ. ಇನ್ನೊಂದು, ಬ್ರೇಕ್ ಮುಂದೆ ಸರಿಸಿದರೆ ಸಾಲದು, ಅಷ್ಟೂ ಪೇಜ್‌ಗಳನ್ನು ಮ್ಯಾಪ್ ಮಾಡಿರಬೇಕು. ಇಲ್ಲವೇ ಫಾಲ್ಟ್ ಬಂದಾಗ ಮ್ಯಾಪ್ ಮಾಡುವ ಹ್ಯಾಂಡ್ಲರ್ ಇರಬೇಕು.

ಪರೀಕ್ಷೆ ಸುಲಭ. ಮ್ಯಾಲಕ್ ಮುಟ್ಟುವ ಮೊದಲೇ ಎಸ್‌ಬ್ರೇಕ್ ಅನ್ನು 0, ಆಮೇಲೆ 4096, ಮತ್ತೆ 0 ಕೊಟ್ಟು ಕರೆಯಿರಿ. ಮೊದಲ ಎರಡು ಉತ್ತರ ಒಂದೇ ಇರಬೇಕು, ಮೂರನೆಯದು 4096 ಜಾಸ್ತಿ ಇರಬೇಕು. ಆಮೇಲೆ ಒಂದೇ ಏಟಿಗೆ 300 ಕೆಬಿ ಕೇಳಿ, ಕೊನೆಯ ಬೈಟ್‌ವರೆಗೂ ಬರೆದು ನೋಡಿ.

ಝಡ್‌ಲಿಬ್ ಕಟ್ಟಲು ಅದರ ಕಾನ್ಫಿಗರ್ ಸ್ಕ್ರಿಪ್ಟ್ ಜೊತೆ ಗುದ್ದಾಡುತ್ತಿದ್ದೀರಿ ಅಂತ ಇತ್ತಲ್ವಾ, ಅದು ಸುಮ್ನೆ ತಲೆನೋವು. ಝಡ್‌ಲಿಬ್‌ನ ಮೂಲದಲ್ಲಿ ಇರುವುದೇ 15 ಸಿ ಫೈಲ್. ಹೆಸರು ಜಿಝಡ್ ಅಂತ ಶುರುವಾಗುವ ನಾಲ್ಕನ್ನು ಬಿಡಿ, ಫೈಲ್ ಓದು-ಬರಹ ಬೇಕಾಗುವುದು ಅವಕ್ಕೆ. ಉಳಿದ 11 ನಿಮ್ಮ ಓಎಸ್‌ಗೆಂದೇ ಕೋಡ್ ಕಟ್ಟುವ ಕ್ರಾಸ್ ಕಂಪೈಲರ್‌ನಲ್ಲಿ ಕೈಯಿಂದಲೇ ಕಟ್ಟಿದರೆ ಆಯಿತು. ಲಿನಕ್ಸ್‌ನ ಮಾಮೂಲಿ ಜಿಸಿಸಿ ಬಳಸಿದ್ದರೆ ಮಾತ್ರ ನಿಲ್ಲಿಸಿ. ಅದು ಲಿನಕ್ಸ್‌ನ ಹೆಡರ್ ಎಳೆದುಕೊಳ್ಳುತ್ತದೆ. ಸ್ಟ್ರಕ್ಟ್‌ಗಳ ಅಳತೆ ನಿಮ್ಮ ನ್ಯೂಲಿಬ್‌ಗೆ ಹೊಂದದಿದ್ದರೂ ಕಂಪೈಲರ್ ಬಾಯಿ ಬಿಡುವುದಿಲ್ಲ.

ಝಡ್‌ಲಿಬ್ ಅನ್ನು 64 ಬಿಟ್ ಕರ್ನಲ್ ಒಳಗೇ ಸೇರಿಸುವ ಯೋಚನೆ ಇದ್ದರೆ ರೆಡ್ ಝೋನ್ ಆಫ್ ಮಾಡಿ ಕಟ್ಟಿ. ಸ್ಟ್ಯಾಕ್ ಪಾಯಿಂಟರ್ ಕೆಳಗೆ ಕಂಪೈಲರ್ ತಾತ್ಕಾಲಿಕವಾಗಿ ಬಳಸುವ ಆ 128 ಬೈಟ್ ಮೇಲೆ ಇಂಟರಪ್ಟ್ ಬಂದು ಬರೆದರೆ ಆಗೊಮ್ಮೆ ಈಗೊಮ್ಮೆ ಮಾತ್ರ ಕೆಡುತ್ತದೆ. ಅಂಥದ್ದನ್ನು ಹಿಡಿಯುವುದು ಮಹಾ ಕಷ್ಟ.

ಕಟ್ಟಿದ ಮೇಲೆ ಮೊದಲು ಝಡ್‌ಲಿಬ್‌ನ ಸಿಆರ್‌ಸಿ32 (ಡೇಟಾ ಕೆಟ್ಟಿದೆಯೇ ನೋಡುವ ಚೆಕ್‌ಸಮ್) ಓಡಿಸಿ, ಅದಕ್ಕೆ ಮ್ಯಾಲಕ್ ಬೇಕಿಲ್ಲ. "123456789" ಕೊಟ್ಟರೆ ಹೆಕ್ಸ್‌ನಲ್ಲಿ ಸಿಬಿಎಫ್43926 ಬರಬೇಕು. ಬಂದರೆ ಕಂಪೈಲರ್ ಕಡೆ ಬಹುತೇಕ ಸರಿಯಿದೆ.

ಫಾಲ್ಟ್ ಆದಾಗ ಸಿಪಿಯುನ ಸಿಆರ್2 ರಿಜಿಸ್ಟರ್‌ನಲ್ಲಿದ್ದ, ಫಾಲ್ಟ್‌ಗೆ ಕಾರಣವಾದ ವಿಳಾಸ, ಆಗಿನ ಬ್ರೇಕ್ ಎಲ್ಲಿತ್ತು, ಎರಡನ್ನೂ ಇಲ್ಲಿ ಹಾಕಿ. ಮ್ಯಾಪ್ ಆದ ಕೊನೆಯ ಪೇಜ್‌ನ ಆಚೆಗೇ ಬಿದ್ದಿದ್ದರೆ ಎಸ್‌ಬ್ರೇಕ್ ಕೋಡ್ ಅಷ್ಟನ್ನೂ ಅಂಟಿಸಿ, ನೋಡೋಣ.