ಯಾರೂ ಕೇಳಲೇ ಇಲ್ಲ, ಮೇಡಂ

ಪ್ರತಿ ವರ್ಷ ಮೊದಲ ಸೆಮಿಸ್ಟರ್ ಅರ್ಧ ಮುಗಿಯುವ ಹೊತ್ತಿಗೆ, ಒಬ್ಬರಲ್ಲ ಒಬ್ಬರು ವಿದ್ಯಾರ್ಥಿ "ಇಲ್ಲಿ ನನಗೆ ಯಾರೂ ಇಲ್ಲ" ಅನ್ನುವ ಸಂಕಟ ಹೊತ್ತುಕೊಂಡು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಪದವಿಯ ಮೊದಲ ವರ್ಷದವನು. ದೊಡ್ಡ ನಗರ, ದೊಡ್ಡ ವಿಶ್ವವಿದ್ಯಾಲಯ, ಒಂದೊಂದು ಕ್ಲಾಸಿಗೂ ಇನ್ನೂರು ಮುನ್ನೂರು ಜನ. ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದ. ಓದಿನಲ್ಲಿ ಹಿಂದೆ ಬಿದ್ದವನಲ್ಲ. ಆದರೂ "ಇಲ್ಲಿ ನನ್ನ ಕೈಲಿ ಆಗಲ್ಲ, ಬಿಟ್ಟು ಹೋಗ್ತೀನಿ" ಅನ್ನುತ್ತಿದ್ದ.

ಮೊದಲ ಭೇಟಿಯಲ್ಲಿ ನಾನೇ ತಪ್ಪು ಮಾಡಿದೆ. ಯಾವುದಾದರೂ ಕ್ಲಬ್ ಸೇರು, ನಾಲ್ಕು ಜನರ ಜೊತೆ ಬೆರೆ ಅಂದೆ. ಪಾಪ, ಹೋದ. ಅಲ್ಲಿ ಎಲ್ಲರೂ ಆಗಲೇ ಗುಂಪು ಗುಂಪಾಗಿ ನಿಂತಿದ್ದರು. ಗೋಡೆಯ ಮೇಲಿನ ನೋಟಿಸ್ ಓದುವವನ ಹಾಗೆ ಕಾಲು ಗಂಟೆ ನಿಂತು ವಾಪಸ್ ಬಂದ. ಮೊದಲಿಗಿಂತ ಜಾಸ್ತಿ ಕುಗ್ಗಿದ್ದ. ನೀರಿಗೆ ಹೆದರುವವನನ್ನು ಈಜು ಅಂತ ನಾನೇ ತಳ್ಳಿದ ಹಾಗಾಗಿತ್ತು.

ಮೂರನೇ ಭೇಟಿಯಲ್ಲಿ ಬ್ಯಾಗಿನ ಜಿಪ್ಪನ್ನು ಆ ಕಡೆ ಈ ಕಡೆ ಎಳೆಯುತ್ತಾ ಕೂತಿದ್ದ. ಇದ್ದಕ್ಕಿದ್ದ ಹಾಗೆ ಹೇಳಿದ: "ಮೇಡಂ, ನಾನೊಂದು ಪರೀಕ್ಷೆ ಮಾಡಿದೆ. 11 ದಿನ ಕ್ಲಾಸಿಗೇ ಹೋಗಲಿಲ್ಲ. ಯಾರಾದ್ರೂ ಕೇಳ್ತಾರಾ ನೋಡೋಣ ಅಂತ. ಯಾರೂ ಕೇಳಲೇ ಇಲ್ಲ."

ಅಷ್ಟೂ ದಿನ ರೂಮಿನಲ್ಲಿ ಫೋನ್ ನೋಡುತ್ತಾ ಕೂತಿದ್ದನಂತೆ. ಬರುತ್ತಿದ್ದದ್ದು ಅಮ್ಮನ ಫೋನ್ ಒಂದೇ. "ಕ್ಲಾಸಲ್ಲಿದ್ದೆ" ಅಂತ ಅವರಿಗೆ ಸುಳ್ಳು ಹೇಳುತ್ತಿದ್ದ.

ಮೊದಲು ಕೇಳಬೇಕಾದ್ದನ್ನು ಕೇಳಿದೆ. "ಸಾಯಬೇಕು ಅಂತ ಅನ್ನಿಸಿತ್ತಾ?" ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ದಯವಿಟ್ಟು ಕೇಳಿ. ಅವನು ಇಲ್ಲ ಅಂದ. ಹೌದು ಅಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ.

ಆಮೇಲೆ ಕೇಳಿದೆ: "ಅದರ ಹಿಂದಿನ ವಾರ ನೀನು ಹೋಗಿದ್ದೆ ಅಲ್ವಾ? ಆ ವಾರ ಯಾರ್ಯಾರು ಬಂದಿರಲಿಲ್ಲ?"

ಜಿಪ್ಪಿನ ಸದ್ದು ನಿಂತಿತು.

"ಗೊತ್ತಿಲ್ಲ ಮೇಡಂ," ಅಂದ ತುಂಬಾ ಹೊತ್ತಾದ ಮೇಲೆ. "ಪಕ್ಕದಲ್ಲಿ ಯಾರು ಕೂತಿರ್ತಾರೆ ಅಂತಾನೂ ಗೊತ್ತಿಲ್ಲ. ಎಲ್ಲಿ ಖಾಲಿ ಇರುತ್ತೋ ಅಲ್ಲಿ ಕೂರ್ತೀನಿ. ಬಾಗಿಲ ಹತ್ತಿರಾನೇ ಜಾಸ್ತಿ."

ನೊಂದವನನ್ನೇ ತಪ್ಪಿತಸ್ಥ ಮಾಡಿದಿರಿ ಅಂತ ನನ್ನ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ನಾನು ಒಪ್ಪುವುದಿಲ್ಲ. ಯಾರೂ ಕೇಳದೇ ಇದ್ದದ್ದಕ್ಕೆ ಅವನು "ನಾನು ಯಾರಿಗೂ ಬೇಡ" ಅಂತ ಅರ್ಥ ಮಾಡಿಕೊಂಡಿದ್ದ. ಮುನ್ನೂರು ಜನರ ಹಾಲ್‌ನಲ್ಲಿ ಯಾರಿಗೂ ಯಾರ ಗುರುತೂ ಇರುವುದಿಲ್ಲ. ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ಸುಮ್ನೆ ಸಮಾಧಾನದ ಮಾತಾಗುತ್ತಿತ್ತು. ಅವನಿಗೇ ಹೊಳೆಯಬೇಕಿತ್ತು. ಆದರೆ ನಂಬಿಕೆ ಬೆಳೆಯುವ ಮೊದಲೇ ಈ ಪ್ರಶ್ನೆ ಕೇಳಿದ್ದರೆ ಅದು ಚುಚ್ಚುಮಾತೇ ಆಗುತ್ತಿತ್ತು, ಅದು ನಿಜ.

ನಾನು ಕೊಟ್ಟ ಸಲಹೆ ಸಣ್ಣದು. ದಿನಾ ಒಂದೇ ಜಾಗದಲ್ಲಿ ಕೂತ್ಕೋ. ಮುಂದಿನಿಂದ ಮೂರನೇ ಸಾಲು. ಐದು ನಿಮಿಷ ಮೊದಲೇ ಹೋಗು. ಮೂರು ವಾರ ಯಾರನ್ನೂ ಮಾತಾಡಿಸಲೇಬೇಕು ಅಂತಿಲ್ಲ. ಅಮ್ಮನಿಗೆ ಮಾತ್ರ ಇವತ್ತೇ ನಿಜ ಹೇಳು.

ಇದಕ್ಕೆ ಆಧಾರ ಇದೆ. 1992ರಲ್ಲಿ ಮೋರ್ಲ್ಯಾಂಡ್ ಮತ್ತು ಬೀಚ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ನಾಲ್ವರು ಯುವತಿಯರು. ವಿಶ್ವವಿದ್ಯಾಲಯದ ಒಂದು ದೊಡ್ಡ ಕ್ಲಾಸಿಗೆ ಒಬ್ಬಳು 15 ಸಲ ಹೋದಳು, ಒಬ್ಬಳು 10, ಇನ್ನೊಬ್ಬಳು 5, ಮತ್ತೊಬ್ಬಳು ಹೋಗಲೇ ಇಲ್ಲ. ಯಾರ ಜೊತೆಯೂ ಮಾತಿಲ್ಲ, ಸುಮ್ಮನೆ ಕೂತು ಬರುವುದು. ಕೊನೆಗೆ ಇವರ ಚಿತ್ರ ತೋರಿಸಿದಾಗ, ಜಾಸ್ತಿ ಸಲ ಬಂದವಳೇ ವಿದ್ಯಾರ್ಥಿಗಳಿಗೆ ಜಾಸ್ತಿ ಹಿಡಿಸಿದ್ದಳು. ಕಂಡ ಮುಖ ಅಂದರೆ ಅರ್ಧ ಪರಿಚಯ. ದಿನಾ ಜಾಗ ಬದಲಿಸುವವನಿಗೆ ಆ ಅರ್ಧವೂ ಸಿಗುವುದಿಲ್ಲ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. "ಚೆನ್ನಾಗಿ ಓದ್ತಿದ್ದೀಯಾ?" ಅಂದರೆ ಹೌದು ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. "ಇವತ್ತು ಪಕ್ಕದಲ್ಲಿ ಯಾರು ಕೂತಿದ್ರು?" ಅಂತ ಕೇಳಿ ನೋಡಿ. ಉತ್ತರ ಬರೋಕೆ ತಡವಾದರೆ ಬೈಯಬೇಡಿ. ಸಾಧ್ಯವಾದರೆ ಹೊರಟು ಬನ್ನಿ.

ಆ 11 ದಿನಗಳ ಪಾಠ ತಪ್ಪಿದ್ದರಿಂದ ಹುಡುಗ ಒಂದು ಟೆಸ್ಟ್‌ನಲ್ಲಿ ಫೇಲಾದ. ಬಿಟ್ಟು ಹೋಗುವ ಮಾತನ್ನೂ ಪೂರ್ತಿ ಬಿಟ್ಟಿರಲಿಲ್ಲ. ಐದನೇ ವಾರ ಬಂದವನು ಕುರ್ಚಿ ಎಳೆದುಕೊಳ್ಳುವ ಮೊದಲೇ ಶುರು ಮಾಡಿದ.

"ಇವತ್ತು ಪಕ್ಕದವನು ಬಂದಿರಲಿಲ್ಲ ಮೇಡಂ. ಹೆಸರು ಇನ್ನೂ ಕೇಳಿಲ್ಲ. ನನ್ನ ಅಕ್ಷರ ನನಗೇ ಅರ್ಥ ಆಗಲ್ಲ, ಇವತ್ತಿನ ನೋಟ್ಸ್ ಮಾತ್ರ ಬಿಡಿಸಿ ಬಿಡಿಸಿ ಬರ್ದಿದ್ದೀನಿ."