ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಸರಿಹೋಗುತ್ತದೆಯೇ?

ಪ್ರಶ್ನೆ: ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್‌ನ ಕಂಪ್ಯೂಟರಿದೆ. ಕೆಲಸವೆಲ್ಲ ನುಡಿ, ಟ್ಯಾಲಿ, ಪ್ರಿಂಟ್. ಮಗ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕು ಅನ್ನುತ್ತಾನೆ, ಡೀಲರು ಹೊಸದು ಕೊಳ್ಳಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಸಕಲೇಶಪುರ

ಉತ್ತರ: ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಾಗಾಗಿ ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಸಲ್ಲದು. ಆದರೂ ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕಬೇಡಿ.

ಲಿನಕ್ಸ್‌ನಲ್ಲಿ ಎಲ್ಲವೂ ನಡೆಯುತ್ತದೆ ಎನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು, ಅದಕ್ಕಾಗಿ ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲೇ, ಲಿನಕ್ಸ್‌ನದೇ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿ. ಮೊದಲು ಫೈಲುಗಳ ಬ್ಯಾಕಪ್ ತೆಗೆಯಿರಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ. ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್ ಡ್ರೈವಿನ ಫೈಲು ಓದಬಹುದು, ತಿದ್ದಲಾಗದು. ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಡ್ರೈವ್) ಹಾಕಿಸಿದರೆ ವೇಗದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನಿಮ್ಮಂಥ ಅಂಗಡಿಗೆ ನಿಜವಾದ ತೊಡಕು ಹಳೆಯ ನುಡಿ ಫೈಲುಗಳದು. ಅವು ಎಲ್ಲ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್‌ನಲ್ಲಿಲ್ಲ, ನುಡಿ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಹಾಕಿದರೆ ಓದಲು, ಪ್ರಿಂಟ್ ತೆಗೆಯಲು ಸಾಕು. ತಿದ್ದಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಹೊಸದಾಗಿ ಟೈಪಿಸಲು ಲಿನಕ್ಸ್‌ನ ಟೈಪಿಂಗ್ ಸಲಕರಣೆ ಐಬಸ್-ಎಂ17ಎನ್‌ನಲ್ಲಿ ನುಡಿಯದೇ ಆದ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿ, ಕೈಗೆ ಪಳಗಿದ ಕೀಲಿಗಳೇ ಸಿಗುತ್ತವೆ.

ಇನ್ನು ಪ್ರಿಂಟರ್. ನಿಮ್ಮದು ಕ್ಯಾನನ್ ಎಲ್‌ಬಿಪಿ 2900 ಆಗಿದ್ದರೆ ಲಿನಕ್ಸ್‌ನಲ್ಲಿ ಬಹಳ ಕಾಡುತ್ತದೆ. ಹಾಗಾಗಿ 8 ಜಿಬಿ ಪೆನ್‌ಡ್ರೈವ್‌ನಿಂದ ಮಿಂಟನ್ನು ಲೈವ್ ಆಗಿ (ಇನ್‌ಸ್ಟಾಲ್ ಮಾಡದೆ) ಓಡಿಸಿ, ಒಂದು ಪುಟ ಪ್ರಿಂಟ್ ತೆಗೆದು ನೋಡಿ. ಬಂದರೆ ಮಾತ್ರ ಇನ್‌ಸ್ಟಾಲ್ ಮಾಡಿ.