ಬೀಜ–ಗೊಬ್ಬರದ ಇನ್ಸ್‌ಪೆಕ್ಟರ್ ಕೆಲಸ: ದಾಳಿಗಿಂತ ಸ್ಯಾಂಪಲ್ ದೊಡ್ಡದು

(ಬೀಜ, ಗೊಬ್ಬರ, ಕೀಟನಾಶಕ ಔಷಧಿ ಅಂಗಡಿಗಳ ತಪಾಸಣೆ ಮತ್ತು ಬೀಜ ಪ್ರಮಾಣೀಕರಣದ ಬಗ್ಗೆ ಬಂದ ಪ್ರಶ್ನೆಗಳಿಗೆ ಕೃಷಿ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರು ಉತ್ತರಿಸಿದ್ದಾರೆ.)

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಅಗ್ರಿ ಕೊನೆ ವರ್ಷ ಓದುತ್ತಿದ್ದೇನೆ. ಸೀಡ್ ಇನ್ಸ್‌ಪೆಕ್ಟರ್ ಆಗಬೇಕು ಅಂತ ಆಸೆ. ಅದಕ್ಕೆ ಬೇರೆ ಪರೀಕ್ಷೆ ಇದೆಯಾ? ದಿನಾ ದಾಳಿ ಮಾಡೋದೇ ಕೆಲಸವಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇರೆ ಪರೀಕ್ಷೆ ಇಲ್ಲಮ್ಮ. ಕೃಷಿ ಇಲಾಖೆಯಲ್ಲಿ ಆ ಹೆಸರಿನ ಹುದ್ದೆಗೇ ಅರ್ಜಿ ಕರೆಯುವುದಿಲ್ಲ. ಕೆಪಿಎಸ್‌ಸಿ ಮೂಲಕ ಕೃಷಿ ಅಧಿಕಾರಿಯೋ (ಎಒ) ಸಹಾಯಕ ಕೃಷಿ ಅಧಿಕಾರಿಯೋ (ಎಎಒ) ಆಗಿ ಸೇರಬೇಕು. 2024ರಲ್ಲಿ ಕರೆದ 945 ಹುದ್ದೆಗಳಲ್ಲಿ 128 ಎಒ, 817 ಎಎಒ ಇದ್ದವು. ಸೇರಿದ ಮೇಲೆ, 1966ರ ಬೀಜ ಕಾಯ್ದೆಯ 13ನೇ ಕಲಂ ಪ್ರಕಾರ ಸರ್ಕಾರ ಹೊರಡಿಸುವ ಅಧಿಸೂಚನೆಯಲ್ಲಿ ನಿಮ್ಮ ಹುದ್ದೆ ಇದ್ದರೆ ನೀವು ಬೀಜ ಪರಿವೀಕ್ಷಕರು. ಗೊಬ್ಬರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶ, ಔಷಧಿಗೆ 1968ರ ಕೀಟನಾಶಕ ಕಾಯ್ದೆ, ಬಹಳ ಕಡೆ ಮೂರಕ್ಕೂ ಒಬ್ಬರೇ. ಅದರ ಜೊತೆಗೆ ರೈತ ಸಂಪರ್ಕ ಕೇಂದ್ರದ ಬೀಜ ವಿತರಣೆ, ಸಬ್ಸಿಡಿ ಅರ್ಜಿ, ಬೆಳೆ ಹಾನಿ ಸಮೀಕ್ಷೆ, ಎಲ್ಲವೂ ನಿಮ್ಮ ತಲೆ ಮೇಲೆಯೇ. ಇನ್ಸ್‌ಪೆಕ್ಟರ್ ಕೆಲಸ ಮಾತ್ರ ಮಾಡಿಕೊಂಡು ಇರುತ್ತೇನೆ ಅಂದುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ.

ಟಿವಿಯಲ್ಲಿ ಬರುವ ಥರದ ಗೋದಾಮು ದಾಳಿ ಯಾವಾಗಲೋ ಒಮ್ಮೆ. ಉಳಿದಂತೆ ಅಂಗಡಿಯ ಸ್ಟಾಕ್ ರಿಜಿಸ್ಟರ್ ಮತ್ತು ಗೋದಾಮಿನ ಚೀಲ ತಾಳೆ ಆಗುತ್ತಾ, ದರದ ಬೋರ್ಡ್ ಹಾಕಿದ್ದಾರಾ, ಬಿಲ್ಲಿನಲ್ಲಿ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಮಾಲಿನ ಗುರುತಿನ ಸಂಖ್ಯೆ) ಬರೆದಿದ್ದಾರಾ, ಅವಧಿ ಮುಗಿದ ಪ್ಯಾಕೆಟ್ ಮೂಲೆಯಲ್ಲಿ ಉಳಿದಿದೆಯಾ ಅಂತ ನೋಡುವುದು. ಬೇಜಾರಿನ ಕೆಲಸ, ಆದರೆ ಕಳ್ಳ ಸಿಕ್ಕಿಬೀಳುವುದು ಇಲ್ಲೇ.

ನನ್ನ ಕೇಳಿದರೆ ಇಡೀ ಕೆಲಸ ನಿಂತಿರುವುದು ಸ್ಯಾಂಪಲ್ ಮೇಲೆ. ಗೊಬ್ಬರದ್ದನ್ನೇ ನೋಡಿ. ಚೀಲವನ್ನು ಅಡ್ಡ ಮಲಗಿಸಿ, ಒಣಗಿದ, ಶುಚಿಯಾದ ಪ್ರೋಬನ್ನು (ಸ್ಯಾಂಪಲ್ ತೆಗೆಯುವ ಕೊಳವೆ) ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ತೂರಿಸಿ ತೆಗೆಯಬೇಕು. ಮಳೆ, ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ತೆಗೆಯುವಂತಿಲ್ಲ. ಚೆನ್ನಾಗಿ ಬೆರೆಸಿ ಮೂರು ಪಾಲು ಮಾಡಿ, ಪ್ರತಿಯೊಂದಕ್ಕೂ ಸೀಲ್ ಹಾಕಿ, ಒಂದು ಪ್ರಯೋಗಾಲಯಕ್ಕೆ, ಒಂದು ಅಂಗಡಿಯವರಿಗೆ, ಒಂದು ನಿಮ್ಮ ಮೇಲಧಿಕಾರಿಯ ಸುಪರ್ದಿಗೆ. ಬೀಜಕ್ಕೂ ಮೂರು ಪಾಲೇ. ಅಲ್ಲಿ ಮೂರನೆಯದು ಸುಮ್ನೆ ಕಪಾಟಿನಲ್ಲಿ ಕೂರುವುದಲ್ಲ, ಕೇಸು ಕೋರ್ಟಿಗೆ ಹೋಗಿ ಆರೋಪಿ ನಿಮ್ಮ ಲ್ಯಾಬ್ ವರದಿ ಒಪ್ಪದಿದ್ದರೆ ವಾರಾಣಸಿಯ ಕೇಂದ್ರ ಬೀಜ ಪ್ರಯೋಗಾಲಯಕ್ಕೆ ಹೋಗುವುದು ಅಂಥ ಪಾಲೇ, ಆಗ ಸೀಲ್ ಒಡೆದಿದ್ದರೆ ಎಲ್ಲ ಮುಗಿದಂತೆ. ಇನ್ನೊಂದು ಮಾತು, ಬೀಜದ ಸ್ಯಾಂಪಲ್ ತೆಗೆದಾಗ ಅಂಗಡಿಯವರು ಕೇಳಿದರೆ ಅದರ ಬೆಲೆ ಕೊಡಲೇಬೇಕು ಅಂತ ಕಾಯ್ದೆಯಲ್ಲೇ ಇದೆ. ಕೊಟ್ಟು ರಸೀದಿ ತಗೊಳ್ಳಿ.

ಚೀಲದ ಮೂಲ ಹೊಲಿಗೆ ಹಾಗೇ ಇದೆಯಾ ಅಂತ ಮಹಜರಿನಲ್ಲಿ ಮರೆಯದೆ ಬರೆಸಿ. ತಪ್ಪು ಕಂಪನಿಯದೋ ಅಂಗಡಿಯದೋ ಅನ್ನೋ ವಾದ ಶುರುವಾಗುವುದೇ ಅಲ್ಲಿಂದ. ಇಷ್ಟೆಲ್ಲ ಕೇಳಿ ಉತ್ಸಾಹ ಉಳಿದಿದ್ದರೆ ನೀವು ಈ ಕೆಲಸಕ್ಕೆ ಸರಿಯಾದವರು.

ಪ್ರಶ್ನೆ: ಯೂರಿಯಾ ಕೇಳಿದರೆ ನ್ಯಾನೋ (ದ್ರವ ಗೊಬ್ಬರ) ಬಾಟಲಿ ತಗೊಂಡರೆ ಮಾತ್ರ ಕೊಡುತ್ತೇನೆ ಅಂತಾರೆ. ಇದು ಸರಿಯಾ?
– ರೈತ, ಬೈಲಹೊಂಗಲ

ಉತ್ತರ: ಸರಿಯಲ್ಲ. ಇದಕ್ಕೆ ಲಿಂಕ್ ಅಂತ ಹೆಸರಿಟ್ಟಿದ್ದಾರೆ, ಅಷ್ಟೆ. ಒಂದು ಮಾಲಿನ ಜೊತೆ ಇನ್ನೊಂದನ್ನು ಕಟ್ಟಿ ಮಾರುವಂತಿಲ್ಲ. 45 ಕೆಜಿ ಯೂರಿಯಾ ಚೀಲದ ಮೇಲೆ 266 ರೂಪಾಯಿ 50 ಪೈಸೆ ಅಂತ ಅಚ್ಚಾಗಿರುತ್ತದೆ, ಪಿಒಎಸ್ (ಬಿಲ್ ಹಾಕುವ) ಯಂತ್ರದ ರಸೀದಿ ಕೇಳಿ ಪಡೆಯಿರಿ. ಲಿಂಕ್ ಮಾಡಿದ್ದನ್ನು ಬಿಲ್ಲಿನಲ್ಲಿ ಬರೆದು ಕೊಡಿ ಅನ್ನಿ, ಅರ್ಧ ಜನ ಅಲ್ಲೇ ಸುಮ್ಮನಾಗುತ್ತಾರೆ. ಆಗದಿದ್ದರೆ ಕೃಷಿ ಅಧಿಕಾರಿಗೆ ಲಿಖಿತ ದೂರು ಕೊಡಿ. ಒಂದು ಮಾತು ಹೇಳಿಬಿಡುತ್ತೇನೆ, ಅಂಗಡಿಯವರನ್ನೇ ಪೂರ್ತಿ ಬೈಯಬೇಡಿ. ಎಷ್ಟೋ ಸಲ ಮೇಲಿನಿಂದಲೇ ಅವರ ತಲೆಗೆ ಕಟ್ಟಿರುತ್ತಾರೆ.

ಪ್ರಶ್ನೆ: ಹೈಬ್ರಿಡ್ ಗೋವಿನಜೋಳ ಬಿತ್ತಿದೆವು, ಅರ್ಧಕ್ಕರ್ಧ ಹುಟ್ಟಲಿಲ್ಲ. ಅಂಗಡಿಯವರು ಮಣ್ಣಿನ ದೋಷ ಅಂತಾರೆ. ಇನ್ಸ್‌ಪೆಕ್ಟರ್ ಪರಿಹಾರ ಕೊಡಿಸುತ್ತಾರಾ?
– ರೈತ, ರಾಣೆಬೆನ್ನೂರು

ಉತ್ತರ: ಪರಿಹಾರ ಕೊಡಿಸುವ ಅಧಿಕಾರ ಇನ್ಸ್‌ಪೆಕ್ಟರ್‌ಗೆ ಇಲ್ಲ. ಕಾರಣ ಹುಡುಕಿ ವರದಿ ಕೊಡುವ ಜವಾಬ್ದಾರಿ ಖಂಡಿತ ಇದೆ. ಬೀಜ ನಿಯಮಗಳ 23ಎ ಹೇಳುವುದು ಅದನ್ನೇ: ರೈತರು ಲಿಖಿತ ದೂರು ಕೊಟ್ಟರೆ ಚೀಟಿ (ಲೇಬಲ್), ಚೀಲ, ಉಳಿದ ಬೀಜ ಸಿಕ್ಕಷ್ಟು ವಶಕ್ಕೆ ತಗೊಂಡು ಲ್ಯಾಬಿಗೆ ಕಳಿಸಿ ಕಾರಣ ಪತ್ತೆ ಮಾಡಬೇಕು. ಇಲ್ಲಿ ಬರುವ ತೊಂದರೆ ಏನು ಗೊತ್ತಾ, ನಮ್ಮ ಜನ ಪೂರ್ತಿ ಬೀಜ ಬಿತ್ತಿಬಿಡುತ್ತಾರೆ, ಚೀಲ ಬದುವಿನ ಮೇಲೆ ಎಸೆಯುತ್ತಾರೆ, ಬಿಲ್ಲು ಕೇಳಿರುವುದೇ ಇಲ್ಲ. ಮುಂದಿನ ಸಲ ಪ್ರತಿ ಪ್ಯಾಕೆಟಿನ ಎರಡು ಹಿಡಿ ಬೀಜ ಚೀಟಿ ಸಮೇತ ಎತ್ತಿಡಿ.

ಲ್ಯಾಬಿನಲ್ಲಿ 400 ಕಾಳು ತಗೊಂಡು ನೂರು ನೂರರಂತೆ ಮೊಳಕೆಗೆ ಇಡುತ್ತಾರೆ. ಗೋವಿನಜೋಳಕ್ಕೆ 7ನೇ ದಿನ ಕೊನೆ ಎಣಿಕೆ, ನೂರಕ್ಕೆ 90ರಷ್ಟು ಸರಿಯಾದ ಸಸಿ ಬರಬೇಕು. ಬೇರೊಡೆದು ಮುರುಟಿಹೋದದ್ದು ಲೆಕ್ಕಕ್ಕಿಲ್ಲ. ಅದೇ ಲಾಟಿನ ಬೀಜ ಅಲ್ಲಿ 90 ದಾಟಿದರೆ ದೋಷ ಹೊಲದಲ್ಲೇ ಇರಬಹುದು. ಬಿತ್ತಿದ ಮರುದಿನ ಜೋರು ಮಳೆ ಬಂದು ಮೇಲ್ಮಣ್ಣು ಹೆಪ್ಪುಗಟ್ಟಿದರೆ ಒಳ್ಳೆ ಬೀಜವೂ ಏಳಲ್ಲ. ಅದಕ್ಕೇ ಹೊಲದ ಫೋಟೋ ತಗೊಂಡಿಡಿ. ಅದೇ ಲಾಟ್ ಹಾಕಿದ ಅಕ್ಕಪಕ್ಕದ ಹೊಲಗಳು ಹೇಗಿವೆ ಅಂತ ನೋಡಿ. ಅಲ್ಲೂ ಹೋಗಿದ್ದರೆ ಒಟ್ಟಿಗೆ ದೂರು ಕೊಡಿ.

ವರದಿಯಲ್ಲಿ ಬೀಜದ್ದೇ ದೋಷ ಅಂತ ಬಂದರೆ ಅದನ್ನು ಹಿಡಿದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಬೀಜ ಕೊಂಡ ರೈತ ಗ್ರಾಹಕನೇ ಅಂತ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಆ ವಾದ ಮತ್ತೆ ಮಾಡಬೇಕಿಲ್ಲ.

ಪ್ರಶ್ನೆ: ಭತ್ತದ ಬೀಜೋತ್ಪಾದನೆ ಮಾಡುತ್ತಿದ್ದೇನೆ. ಪ್ರಮಾಣೀಕರಣದವರು ಬಂದು ಅಲ್ಲಲ್ಲಿ ಬೆರಕೆ ತೆನೆ ಇದೆ ಅಂತ ಪ್ಲಾಟನ್ನೇ ತಿರಸ್ಕರಿಸಿದರು. ಇಷ್ಟು ಕಟ್ಟುನಿಟ್ಟು ಬೇಕಾ?
– ಬೆಳೆಗಾರ, ಗಂಗಾವತಿ

ಉತ್ತರ: ಬೇಕು. ಹೊಟ್ಟೆ ಉರಿಯುತ್ತದೆ ಗೊತ್ತು, ಆದರೂ ಬೇಕು. ಇವರು ಕೃಷಿ ಇಲಾಖೆಯ ಅಂಗಡಿ ಇನ್ಸ್‌ಪೆಕ್ಟರ್ ಅಲ್ಲ, ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯವರು. ಪ್ರಮಾಣಿತ ಭತ್ತದ (ನೀಲಿ ಟ್ಯಾಗ್) ಪ್ಲಾಟಿನಲ್ಲಿ ಬೆರಕೆ ಗಿಡ ಶೇ 0.20 ದಾಟಬಾರದು, ಅಂದರೆ 1000ಕ್ಕೆ 2. ಪ್ರಮಾಣಿತ ಬೀಜ ಬೆಳೆಯಲು ಬಳಸುವ ಮೂಲ ಬೀಜಕ್ಕೆ (ಬಿಳಿ ಟ್ಯಾಗ್) ಇನ್ನೂ ಬಿಗಿ, ಶೇ 0.05. ಪಕ್ಕದ ಬೇರೆ ತಳಿಯ ಗದ್ದೆಯಿಂದ 3 ಮೀಟರ್ ಅಂತರ ಇರಬೇಕು. ಒಂದು ಬೆರಕೆ ತೆನೆಯಲ್ಲಿ ಎಷ್ಟು ಕಾಳಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ, ಅದೆಲ್ಲ ನೀಲಿ ಟ್ಯಾಗ್ ಕಟ್ಟಿಕೊಂಡು ಇನ್ನೊಬ್ಬ ರೈತನ ಗದ್ದೆಗೆ ಹೋಗುತ್ತದೆ.

ಅವರು ಹೊಲಕ್ಕೆ ಬರುವುದು ತೆನೆ ಹೊರಟಾಗಿನಿಂದ ಕೊಯ್ಲಿನೊಳಗೆ ಕಡಿಮೆ ಅಂದರೂ ಎರಡು ಸಲ. ಮೊದಲ ಭೇಟಿಗೆ ಮುಂಚೆಯೇ ನೀವೇ ಬೆಳಗ್ಗೆ ಗದ್ದೆಗಿಳಿದು ಎತ್ತರ, ಎಲೆಯ ಬಣ್ಣ, ತೆನೆ ಹೊರಟ ದಿನ ನೋಡಿ ಬೇರೆ ಕಂಡದ್ದನ್ನು ಬುಡಸಮೇತ ಕಿತ್ತು ಹೊರಗೆ ಹಾಕಿ. ಕೊಯ್ದು ಬಿಟ್ಟರೆ ಮತ್ತೆ ಚಿಗುರುತ್ತದೆ. ಕೂಲಿಯವರಿಗೆ ಬಿಟ್ಟರೆ ಕಳೆ ಮಾತ್ರ ಕೀಳುತ್ತಾರೆ, ಇದು ಬೆಳೆಗಾರನ ಕಣ್ಣಿನ ಕೆಲಸ. ಒಂದೇ ಕಣದಲ್ಲಿ ಬೇರೆ ತಳಿ ಒಕ್ಕಿದ್ದರೆ ಮೊದಲು ಯಂತ್ರ ಸ್ವಚ್ಛ ಮಾಡಿಸಿ. ಗದ್ದೆಯಲ್ಲಿ ಪಾಸಾಗಿ ಕಣದಲ್ಲಿ ಬೆರಕೆಯಾದ ಲಾಟುಗಳು ಬೇಕಾದಷ್ಟಿವೆ.

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಅಂಗಡಿಗೆ ಕಾಲಿಟ್ಟ ತಕ್ಷಣ ಊರಿನ ದೊಡ್ಡವರ ಫೋನ್ ಬರುತ್ತದೆ, ‘ನಮ್ಮ ಹುಡುಗ, ನೋಡ್ಕೊಳ್ರಿ’ ಅಂತ. ಏನು ಮಾಡಲಿ?
– ಎಎಒ, ಹೆಸರು ಬೇಡ

ಉತ್ತರ: ಫೋನ್ ತೆಗೆಯಿರಿ, ‘ಆಯ್ತು ಸರ್’ ಅನ್ನಿ, ಜಗಳ ಬೇಡ. ಅಷ್ಟರೊಳಗೆ ಸ್ಯಾಂಪಲ್ ಫಾರಂಗೆ ನಂಬರ್ ಬಿದ್ದಿರಲಿ, ಪಂಚರ ಸಹಿ ಆಗಿರಲಿ, ಸ್ಯಾಂಪಲ್ಲಿನಲ್ಲಿ ಅಂಗಡಿಯವರ ಪಾಲು ಅವರ ಕೈಗೆ ಹೋಗಿರಲಿ. ಆಮೇಲೆ ನೀವೇ ಬಿಡಬೇಕು ಅಂದರೂ ಬಿಡಲು ಆಗಲ್ಲ, ಅದನ್ನೇ ಫೋನ್ ಮಾಡಿದವರಿಗೂ ಹೇಳಬಹುದು. ಅದೇ ದಿನ ಎಡಿಯವರಿಗೆ (ಸಹಾಯಕ ಕೃಷಿ ನಿರ್ದೇಶಕರಿಗೆ) ವರದಿ ಹಾಕಿ. ಅನುಮಾನ ಗಟ್ಟಿಯಿದ್ದರೆ 30 ದಿನದವರೆಗೆ ಆ ಬೀಜ ಮಾರದಂತೆ ಲಿಖಿತ ಆದೇಶ ಕೊಡುವ ಅಧಿಕಾರ ನಿಮಗಿದೆ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ.

ಬೀಜ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಬರೀ 500 ರೂಪಾಯಿವರೆಗೆ. 1966ರಲ್ಲಿ ಅದು ದೊಡ್ಡ ಮೊತ್ತ ಇದ್ದಿರಬಹುದು, ಈಗ ಅಂಗಡಿಯವರು ನಗುತ್ತಾರೆ. ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಹೊಸ ಬೀಜ ಮಸೂದೆಯ ಕರಡು ಹೊರಡಿಸಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಲೈಸೆನ್ಸ್ ಇಲ್ಲದೆ ಮಾರಾಟದಂಥ ಪ್ರಕರಣಕ್ಕೆ 1983ರ ಬೀಜ ನಿಯಂತ್ರಣ ಆದೇಶ ಮತ್ತು ಅಗತ್ಯ ವಸ್ತುಗಳ ಕಾಯ್ದೆ ಹಚ್ಚಿ, ಅದಕ್ಕೆ ತೂಕ ಜಾಸ್ತಿ. ಯಾವ ಕಲಂ ಅಂತ ಗೊಂದಲ ಇದ್ದರೆ ದೂರು ದಾಖಲಿಸುವ ಮೊದಲೇ ಸರ್ಕಾರಿ ವಕೀಲರನ್ನು ಕೇಳಿಕೊಳ್ಳಿ.